‘ಈ ಬೆಳ್ಳುಳ್ಳಿ ಸುಲಿದ ಹಾಗೆ’: ಮೆಸೊಪೊಟೇಮಿಯದ ಮಂತ್ರಗಳಲ್ಲಿ ಪುನರಾವರ್ತನೆ ಮತ್ತು ಹೋಲಿಕೆಯನ್ನು ಅಧ್ಯಯನ ಮಾಡುವ ಕ್ರಮ

ಶುರ್ಪು ಎಂಬ ಅಕ್ಕಾಡಿಯನ್ ಭಾಷೆಯ ಮಂತ್ರಸಂಕಲನದಲ್ಲಿ ಆಣೆಯ ದೋಷ ತಗಲಿದವನೊಬ್ಬ ಬೆಂಕಿಯ ಮುಂದೆ ಒಂದು ಬೆಳ್ಳುಳ್ಳಿಯನ್ನು ಸುಲಿದು ಉರಿಗೆ ಹಾಕುತ್ತಾನೆ. ಆಮೇಲೆ ಖರ್ಜೂರ ಬಿಡಿಸಿ ಹಾಕುತ್ತಾನೆ, ಚಾಪೆಯ ಹೆಣಿಗೆ ಬಿಚ್ಚಿ ಹಾಕುತ್ತಾನೆ. ಉಣ್ಣೆಯ ಎಳೆ, ಮೇಕೆಯ ಕೂದಲು, ಕೆಂಪು ಉಣ್ಣೆ ಒಂದೊಂದಾಗಿ ಹೋಗುತ್ತವೆ. ಕೊನೆಗೆ ಒಂದು ಹಿಡಿ ಹಿಟ್ಟು. ವಸ್ತುಗಳು ಏಳು, ಪ್ರತಿಯೊಂದಕ್ಕೂ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. ಮೊದಲ ಸಲ ಓದುವವರು ಎರಡನೆಯದನ್ನು ಮುಗಿಸುವಷ್ಟರಲ್ಲಿ ‘ಇದೂ ಅದೇ’ ಎಂದು ಪುಟ ತಿರುಗಿಸುತ್ತಾರೆ. ಹಾಗೆ ತಿರುಗಿಸಬಾರದು. ಏಳು ಸಲ ಬರುವ ಮಾತಿನಲ್ಲಿ ಯಾವ ಪದ ಅಲುಗದೆ ನಿಂತಿದೆ, ಯಾವುದು ಬದಲಾಗಿದೆ, ಆ ಹೊತ್ತಿಗೆ ಕೈ ಏನು ಮಾಡುತ್ತಿದೆ ಎಂಬ ಮೂರನ್ನೂ ಒಟ್ಟಿಗೆ ನೋಡಿದಾಗ ಮಾತ್ರ ಮಂತ್ರ ಬಾಯಿ ಬಿಡುತ್ತದೆ. ಹಾಗೆ ನೋಡುವುದಕ್ಕೆ ಬೇಕಾದ ಸಾಮಗ್ರಿ, ಕ್ರಮ, ಎಡವುವ ಜಾಗಗಳು ಕೆಳಗಿವೆ.

ಮೊದಲು ಪ್ರಶ್ನೆಯನ್ನು ಕಿರಿದು ಮಾಡಿಕೊಳ್ಳಿ

ಮೆಸೊಪೊಟೇಮಿಯದ ಮಂತ್ರಗಳು ಸುಮಾರು ಕ್ರಿ.ಪೂ. 2500ರ ಫಾರಾ ಮತ್ತು ಎಬ್ಲಾ ಊರುಗಳ ಜೇಡಿಮಣ್ಣಿನ ಫಲಕಗಳಿಂದ ಹಿಡಿದು ಕ್ರಿಸ್ತಪೂರ್ವದ ಕೊನೆಯ ಶತಮಾನಗಳವರೆಗೆ ಹಬ್ಬಿವೆ. ಸುಮೇರಿಯನ್ ಮತ್ತು ಅಕ್ಕಾಡಿಯನ್ ಎಂಬ ಎರಡು ಭಾಷೆ, ಹತ್ತಾರು ಊರು, ಎರಡು ಸಾವಿರಕ್ಕೂ ಹೆಚ್ಚು ವರ್ಷ. ‘ಮೆಸೊಪೊಟೇಮಿಯದ ಮಂತ್ರಗಳಲ್ಲಿ ಪುನರಾವರ್ತನೆ’ ಎಂದು ವಿಷಯ ಇಟ್ಟುಕೊಂಡರೆ ಎಲ್ಲಿಯೂ ನಿಲ್ಲದ ಉದಾಹರಣೆಗಳ ರಾಶಿ ಮಾತ್ರ ಉಳಿಯುತ್ತದೆ.

ಮೊದಲ ಅಧ್ಯಯನಕ್ಕೆ 70ರಿಂದ 100 ಸಾಲಿನ ಒಂದೇ ಘಟಕ ಸಾಕು. ಅದಕ್ಕೆ ಒಂದು ಒಳ್ಳೆಯ ಸಂಪಾದನೆ ಇರಬೇಕು, ಮಂತ್ರದ ಜೊತೆಗೆ ಕ್ರಿಯಾವಿಧಿಯೂ ಉಳಿದಿರಬೇಕು. ಇವೆರಡೂ ಒಟ್ಟಿಗೆ ಸಿಗುವ ಜಾಗಗಳು ಹಲವಿವೆ. ಶುರ್ಪುವಿನ 5-6ನೇ ಫಲಕದಲ್ಲಿ ಬೆಳ್ಳುಳ್ಳಿಯಿಂದ ಹಿಟ್ಟಿನವರೆಗಿನ ಭಾಗ ಅಂಥದ್ದು. ಮಾಟ ಕಳೆಯುವ ಮಕ್ಲೂವಿನ 1ನೇ ಅಥವಾ 2ನೇ ಫಲಕವನ್ನೂ ತೆಗೆದುಕೊಳ್ಳಬಹುದು. ಹಲ್ಲುನೋವಿನ ಹುಳುವಿನ ಮಂತ್ರ ಚಿಕ್ಕದು, ಹೊಸಬರಿಗೆ ಅನುಕೂಲ. ಹೆರಿಗೆಯ ಮಂತ್ರವಾದ ‘ಸಿನ್ ದೇವನ ಹಸು’ ಕಥೆಯ ಮೂಲಕ ಹೋಲಿಸುವ ಬಗೆಗೆ ಒಳ್ಳೆಯ ಮಾದರಿ.

ಪದಗಳ ವಿಷಯದಲ್ಲಿ ಮೊದಲ ದಿನವೇ ಎಚ್ಚರ ಬೇಕು. ಈ ವಿಧಿಗಳನ್ನು ನಡೆಸುತ್ತಿದ್ದ ಆಶಿಪು ದೇವಾಲಯ, ಅರಮನೆಗಳಲ್ಲಿ ಗೌರವದ ಸ್ಥಾನ ಪಡೆದಿದ್ದ ಓದುಬರಹ ಬಲ್ಲ ಪಂಡಿತ. ಅವನ ವಿದ್ಯೆಯ ಹೆಸರು ಆಶಿಪೂತು. ಅವನು ಎದುರಿಸುತ್ತಿದ್ದ ಕೇಡಿನ ಕೆಲಸಕ್ಕೆ ಕಿಶ್ಪೂ ಎಂಬ ಬೇರೆಯೇ ಪದವಿತ್ತು. ಇಂಗ್ಲಿಷಿನಲ್ಲಿ ಇವೆರಡಕ್ಕೂ ‘ಮ್ಯಾಜಿಕ್’ ಎಂದು ಬರೆಯುವುದರಿಂದ ಗೊಂದಲ ಹುಟ್ಟಿಕೊಂಡಿದೆ. ಕನ್ನಡದಲ್ಲಿ ಆ ತೊಂದರೆ ಇಲ್ಲ. ಶಿಪ್ತು ಎಂದರೆ ಮಂತ್ರ, ಕಿಶ್ಪೂ ಎಂದರೆ ಮಾಟ. ಆಶಿಪುವನ್ನು ಮಾತ್ರ ಮಾಟಗಾರ ಎಂದು ಬರೆಯಬೇಡಿ, ಅವನು ಮಾಟ ತೆಗೆಯುವವನು.

ಬೇಕಾದ ಸಾಮಗ್ರಿ

ಶುರ್ಪುವಿಗೆ ಎರಿಕಾ ರೈನರ್ ಅವರ 1958ರ ಸಂಪಾದನೆ ಆಧಾರ. ಮಕ್ಲೂವಿಗೆ 1895ರಲ್ಲಿ ಟಾಲ್ಕ್ವಿಸ್ಟ್, 1937ರಲ್ಲಿ ಮೈಯರ್, 2016ರಲ್ಲಿ ಟ್ಸ್ವಿ ಅಬುಶ್ ಸಂಪಾದನೆ ಮಾಡಿದ್ದಾರೆ. ಇವುಗಳ ಸಾಲಿನ ಸಂಖ್ಯೆಗಳು ಎಲ್ಲ ಕಡೆ ಹೊಂದುವುದಿಲ್ಲ. ಹಳೆಯ ಲೇಖನದಲ್ಲಿ ಸಿಕ್ಕ ಸಾಲಿನ ಸಂಖ್ಯೆಯನ್ನು ಹಾಗೆಯೇ ಎತ್ತಿ ಬರೆದರೆ ನಿಮ್ಮ ಓದುಗರು ಬೇರೆಯದೇ ಸಾಲಿಗೆ ಹೋಗಿ ನಿಲ್ಲುತ್ತಾರೆ. ಯಾವ ಸಂಪಾದನೆಯ ಸಂಖ್ಯೆ ಎಂಬುದನ್ನು ಟಿಪ್ಪಣಿಯ ಮೊದಲ ಕಾಲಂನಲ್ಲೇ ಬರೆದಿಡಿ. ದುಷ್ಟಭೂತಗಳ ವಿರುದ್ಧದ ಉದುಗ್-ಹುಲ್ 16 ಫಲಕಗಳ ದ್ವಿಭಾಷಾ ಸಂಕಲನ. ಸುಮೇರಿಯನ್ ಸಾಲಿನ ಕೆಳಗೆ ಅಕ್ಕಾಡಿಯನ್ ಅನುವಾದ ಇರುತ್ತದೆ. ಅದಕ್ಕೆ ಮಾರ್ಕಮ್ ಗೆಲ್ಲರ್ ಅವರ 2016ರ ಸಂಪಾದನೆ ಇದೆ.

ಪುಸ್ತಕ ಕೈಗೆ ಸಿಗದವರಿಗೆ ಜಾಲದಲ್ಲಿ ಉಚಿತವಾಗಿ ಸಿಗುವುದು ಸಾಕಷ್ಟಿದೆ. ಫಲಕಗಳ ಚಿತ್ರಕ್ಕೂ ಗುರುತಿನ ಸಂಖ್ಯೆಗೂ ಸಿಡಿಎಲ್‌ಐ (CDLI) ತಾಣ. ಪದಪದವಾಗಿ ವಿಂಗಡಿಸಿದ ಪಾಠಕ್ಕೆ ಒರಾಕ್ (Oracc). ಮಾಟನಿವಾರಣ ವಿಧಿಗಳಿಗೆ ಒರಾಕ್‌ನಲ್ಲೇ ಇರುವ ಅಬುಶ್-ಶ್ವೆಮರ್ ಸಂಗ್ರಹ. ಹಳೆಯ ಅಕ್ಕಾಡಿಯನ್ ಮಂತ್ರಗಳಿಗೆ ಸೀಲ್ (SEAL). ತುಣುಕುಗಳನ್ನು ಹುಡುಕುವುದಕ್ಕೆ ಮ್ಯೂನಿಕ್‌ನ ಇಬಿಎಲ್ (eBL). ನಿಘಂಟು ಎಂದರೆ ಷಿಕಾಗೋ ಅಸ್ಸಿರಿಯನ್ ನಿಘಂಟು. 1956ರಿಂದ 2010ರವರೆಗೆ ಹೊರಬಂದ ಅದರ 21 ಸಂಪುಟಗಳೂ ಆ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪಿಡಿಎಫ್ ರೂಪದಲ್ಲಿ ಉಚಿತವಾಗಿವೆ. ಇಳಿಸಿಟ್ಟುಕೊಳ್ಳಿ, ದಿನವೂ ಬೇಕಾಗುತ್ತದೆ.

ಹುಡುಕುವಾಗ ಅಕ್ಷರಗಳ ತೊಡಕು ಎದುರಾಗುತ್ತದೆ. ಸಿಡಿಎಲ್‌ಐ ಪಾಠಗಳಲ್ಲಿ ‘ಶ’ ಧ್ವನಿಯನ್ನು ಎಸ್-ಝಡ್ ಜೋಡಿಯಾಗಿ, ಒತ್ತಿನ ‘ಸ’ ಮತ್ತು ‘ತ’ಗಳನ್ನು ರೋಮನ್ ಅಕ್ಷರದ ಪಕ್ಕ ಅಲ್ಪವಿರಾಮ ಹಾಕಿ ಬರೆದಿರುತ್ತಾರೆ. ಮುದ್ರಿತ ಪುಸ್ತಕದ ಚುಕ್ಕಿ-ಕೊಕ್ಕೆಯ ಅಕ್ಷರಗಳನ್ನು ನಕಲಿಸಿ ಹಾಕಿ, ‘ಏನೂ ಸಿಗಲಿಲ್ಲ’ ಎಂದು ಕೈಬಿಡುವುದು ಬಹಳ ಸಾಮಾನ್ಯ.

ಅಕ್ಕಾಡಿಯನ್ ಬಾರದವರು ಮಾಡಬಹುದೇ? ಅನುವಾದ ಮಾತ್ರ ಇಟ್ಟುಕೊಂಡು ಪುನರಾವರ್ತನೆಯನ್ನು ಅಧ್ಯಯನ ಮಾಡಲಾಗದು. ಅನುವಾದಕರು ಒಂದೇ ಅಕ್ಕಾಡಿಯನ್ ಧಾತುವಿಗೆ ಅಂದಕ್ಕೆಂದು ಮೂರು ಬೇರೆ ಪದ ಬಳಸುತ್ತಾರೆ, ಮೂರು ಬೇರೆ ಧಾತುಗಳಿಗೆ ಒಂದೇ ಪದ ಬಳಸುತ್ತಾರೆ. ನೀವು ಎಣಿಸುವುದು ಆಗ ಅನುವಾದಕರ ಶೈಲಿಯನ್ನೇ. ಪೂರ್ತಿ ವ್ಯಾಕರಣ ಕಲಿಯುವವರೆಗೆ ಕಾಯಬೇಕಿಲ್ಲ. ಲಿಪ್ಯಂತರದಲ್ಲಿ ಮೂರು ವ್ಯಂಜನದ ಧಾತುವನ್ನು ಗುರುತಿಸುವುದು, ಹಾರೈಕೆಯ ರೂಪವನ್ನೂ ನಿಷೇಧವನ್ನೂ ಗುರುತಿಸುವುದು, ನಿಘಂಟು ತೆರೆಯುವುದು, ಇಷ್ಟು ಬಂದರೆ ಕೆಲಸ ಶುರು ಮಾಡಬಹುದು.

ಇದರಲ್ಲಿ ಕನ್ನಡಿಗರಿಗೆ ನಿಜವಾದ ಅನುಕೂಲವೊಂದಿದೆ. ಅಕ್ಕಾಡಿಯನ್‌ನ ‘ಲಿಕ್ಕಲಿಪ್’ ಎಂಬುದಕ್ಕೆ ‘ಸುಲಿದುಹೋಗಲಿ’ ಎಂದರೆ ಮುಗಿಯಿತು, ನಮ್ಮ ‘-ಲಿ’ ಅದರ ಹಾರೈಕೆಯ ರೂಪಕ್ಕೆ ನೇರವಾಗಿ ಕೂರುತ್ತದೆ. ಹೋಲಿಕೆಯ ಪದದ ಜಾಗವನ್ನೂ ಗಮನಿಸಿ: ಸುಮೇರಿಯನ್‌ನ ‘-ಗಿನ್’ ನಮ್ಮ ‘ಅಂತೆ’ಯ ಹಾಗೆ ನಾಮಪದದ ಹಿಂದೆ ಅಂಟಿಕೊಳ್ಳುತ್ತದೆ, ಅಕ್ಕಾಡಿಯನ್‌ನ ‘ಕೀಮ’ ಮುಂದೆ ಬರುತ್ತದೆ. ಇದು ವಾಕ್ಯ ಹಿಡಿಯುವುದಕ್ಕೆ ಒದಗುವ ಸಹಾಯ ಮಾತ್ರ. ಸುಮೇರಿಯನ್ನೂ ಕನ್ನಡವೂ ನೆಂಟರು ಎಂಬುದಕ್ಕೆ ಇದು ಪುರಾವೆಯಲ್ಲ.

ಫಲಕದ ಪಾಠವನ್ನು ಓದುವುದು

ಮಂತ್ರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಬರೆದವರೇ ಗುರುತಿಸಿದ್ದಾರೆ. ‘ಎನ್’ ಎಂಬ ಚಿಹ್ನೆ ಮಂತ್ರದ ಆರಂಭ. ‘ಕ-ಇನಿಮ್-ಮ’ ಎಂದಿದ್ದರೆ ಅದು ಯಾತಕ್ಕೆ ಹೇಳುವ ಮಂತ್ರ ಎಂಬ ಶೀರ್ಷಿಕೆ. ನಮ್ಮ ಕ್ರಮಕ್ಕೆ ಉಲ್ಟಾ, ಮಂತ್ರದ ಕೊನೆಯಲ್ಲಿ ಬರುತ್ತದೆ. ‘ದು-ದು-ಬಿ’ ಎಂದರೆ ಅಲ್ಲಿಂದ ಮುಂದೆ ಮಾಡಬೇಕಾದ ಕ್ರಿಯೆ. ಫಲಕದ ಅಡ್ಡಗೆರೆ ಒಂದು ಭಾಗವನ್ನು ಇನ್ನೊಂದರಿಂದ ಬೇರ್ಪಡಿಸುತ್ತದೆ. ಈ ನಾಲ್ಕನ್ನು ಮೊದಲು ಬಣ್ಣದ ಪೆನ್ಸಿಲಿನಲ್ಲಿ ಗುರುತು ಮಾಡಿ. ಹೇಳುವ ಮಾತನ್ನೂ ಮಾಡುವ ವಿಧಿಯನ್ನೂ ಬೆರೆಸಿ ಎಣಿಸಿದರೆ ಮುಂದಿನದೆಲ್ಲ ಕೆಡುತ್ತದೆ.

ಚೌಕ ಆವರಣದ ಒಳಗಿರುವುದು ಒಡೆದುಹೋದ ಭಾಗಕ್ಕೆ ಸಂಪಾದಕರು ತುಂಬಿಸಿದ ಪಾಠ. ಈ ಅಧ್ಯಯನದಲ್ಲಿ ಅತಿ ದೊಡ್ಡ ತಪ್ಪು ನಡೆಯುವುದು ಇಲ್ಲೇ. ಪಲ್ಲವಿಯ ಸಾಲು ಒಡೆದಿದ್ದರೆ ಸಂಪಾದಕರು ಅದನ್ನು ಬೇರೆ ಕಡೆಯ ಪಲ್ಲವಿ ನೋಡಿ ತುಂಬಿಸುತ್ತಾರೆ. ಅದು ಅವರ ಕರ್ತವ್ಯ. ನೀವು ಆ ತುಂಬಿಸಿದ ಸಾಲನ್ನೂ ಎಣಿಸಿ ‘ಈ ಮಾತು ಬದಲಾಗದೆ ಏಳು ಸಲ ಬಂದಿದೆ’ ಎಂದು ತೀರ್ಮಾನಿಸಿದರೆ, ಪುನರಾವರ್ತನೆ ಇದೆ ಎಂದು ನಂಬಿ ತುಂಬಿಸಿದ್ದನ್ನೇ ಪುನರಾವರ್ತನೆಗೆ ಸಾಕ್ಷಿ ಮಾಡಿದಂತಾಯಿತು. ಆದ್ದರಿಂದ ಪ್ರತಿ ಸಾಲಿಗೂ ‘ಪೂರ್ತಿ ಉಳಿದಿದೆ’, ‘ಅರ್ಧ ಉಳಿದಿದೆ’, ‘ತುಂಬಿಸಿದ್ದು’ ಎಂಬ ಮೂರು ಗುರುತುಗಳಲ್ಲಿ ಒಂದನ್ನು ಹಾಕಿ. ಎಣಿಕೆಗೆ ಮೊದಲನೆಯದನ್ನು ಮಾತ್ರ ತೆಗೆದುಕೊಳ್ಳಿ, ಉಳಿದೆರಡನ್ನು ಬೇರೆ ಕಾಲಂನಲ್ಲಿ ತೋರಿಸಿ.

ಇದಕ್ಕೆ ತಿರುಗುಮುರುಗಾದ ತೊಂದರೆಯೂ ಇದೆ. ಮತ್ತೆ ಮತ್ತೆ ಬರುವ ಮಾತನ್ನು ಲಿಪಿಕಾರರು ಪೂರ್ತಿ ಬರೆಯುತ್ತಿರಲಿಲ್ಲ. ‘ಕಿ-ಮಿನ್’ ಎಂದು ಹಾಕುತ್ತಿದ್ದರು, ‘ಮೇಲಿನಂತೆಯೇ’ ಎಂದರ್ಥ. ಉದುಗ್-ಹುಲ್‌ನಲ್ಲಿ ಅಸಲ್ಲುಹಿ ಎಂಬ ದೇವರು ತನ್ನ ತಂದೆ ಎನ್ಕಿ ದೇವನ ಬಳಿ ಹೋಗಿ ರೋಗಿಯ ಸ್ಥಿತಿ ಹೇಳುತ್ತಾನೆ. ತಂದೆ ‘ಮಗನೇ, ನಿನಗೆ ತಿಳಿಯದ್ದೇನಿದೆ, ನಾನು ಸೇರಿಸುವುದೇನಿದೆ, ನನಗೆ ಗೊತ್ತಿರುವುದು ನಿನಗೂ ಗೊತ್ತು, ಹೋಗು ಮಗನೇ’ ಎಂದು ಹೇಳಿ ಪರಿಹಾರ ತಿಳಿಸುತ್ತಾನೆ. ಈ ಸಂಭಾಷಣೆ ಎಷ್ಟು ಸಲ ಬರುತ್ತದೆಂದರೆ, ಹಲವು ಪ್ರತಿಗಳಲ್ಲಿ ಅದರ ಮೊದಲ ಒಂದೆರಡು ಪದ ಬರೆದು ಉಳಿದದ್ದನ್ನು ಬಿಟ್ಟಿದ್ದಾರೆ. ಬಾಯಿಪಾಠ ಇದ್ದವರಿಗೆ ಅಷ್ಟು ಸಾಕಿತ್ತು. ಕಂಪ್ಯೂಟರಿಗೆ ಸಾಲದು. ಪದ ಎಣಿಸುವ ತಂತ್ರಾಂಶ ಕಿ-ಮಿನ್ ಇರುವ ಜಾಗದಲ್ಲಿ ಪಲ್ಲವಿಯೇ ಇಲ್ಲ ಎಂದು ಲೆಕ್ಕ ಕೊಡುತ್ತದೆ. ಎರಡು ಎಣಿಕೆ ಇಟ್ಟುಕೊಳ್ಳಿ: ಫಲಕದ ಮೇಲೆ ಬರೆದದ್ದು ಎಷ್ಟು, ಬಾಯಲ್ಲಿ ಹೇಳಬೇಕಾದದ್ದು ಎಷ್ಟು. ಒಂದೇ ಮಂತ್ರದ ಹಲವು ಪ್ರತಿಗಳನ್ನು ಸಾಲಿನ ಕೆಳಗೆ ಸಾಲು ಜೋಡಿಸಿರುವ ಸಂಪಾದನೆಯಲ್ಲಿ, ಒಂದು ಪ್ರತಿ ಪೂರ್ತಿ ಬರೆದದ್ದನ್ನು ಇನ್ನೊಂದು ಕಿ-ಮಿನ್ ಎಂದು ಮುಗಿಸಿರುವುದು ಕಣ್ಣಿಗೇ ಕಾಣುತ್ತದೆ.

ಪುನರಾವರ್ತನೆಯ ಬಗೆಗಳು

ಎಲ್ಲವನ್ನೂ ‘ಪುನರುಕ್ತಿ’ ಎಂದು ಒಂದೇ ಡಬ್ಬಿಗೆ ಹಾಕಬೇಡಿ. ಕೆಲಸಕ್ಕೆ ಬರುವ ವಿಂಗಡಣೆ ಹೀಗಿದೆ.

ಒಂದು, ಧಾತುವಿನ ಮರುಕಳಿಕೆ. ಮಕ್ಲೂವಿನ ಮೊದಲ ಮಂತ್ರದಲ್ಲೇ ‘ಕಶ್ಶಾಪ್ತು ಉಕಶ್ಶಿಪನ್ನಿ’ ಎಂದಿದೆ. ಕನ್ನಡದಲ್ಲಿ ‘ಮಾಟಗಾತಿ ನನಗೆ ಮಾಟ ಮಾಡಿದಳು’ ಎಂದಾಗ ಅದೇ ಮರುಕಳಿಕೆ ತಾನಾಗಿ ಬರುತ್ತದೆ.

ಎರಡು, ಸಮಾನಾಂತರ ಸಾಲು. ಅದೇ ಮಂತ್ರ ಸ್ವಲ್ಪ ಮುಂದೆ ಹೀಗಿದೆ: ಟ್ಯಾಮರಿಸ್ಕ್ ಮರ ನನ್ನನ್ನು ಶುದ್ಧ ಮಾಡಲಿ, ಖರ್ಜೂರದ ಮರ ನನ್ನನ್ನು ಬಿಡಿಸಲಿ, ಮಶ್ತಕಲ್ ಗಿಡ ನನ್ನನ್ನು ನಿರ್ಮಲ ಮಾಡಲಿ, ಬೀಜ ತುಂಬಿದ ಶಂಕುಕಾಯಿ ನನ್ನನ್ನು ಬಿಡಿಸಲಿ. ಅಕ್ಕಾಡಿಯನ್‌ನಲ್ಲಿ ಕ್ರಿಯಾಪದಗಳನ್ನು ಮಾತ್ರ ಸಾಲಾಗಿ ಬರೆದುಕೊಳ್ಳಿ: ಲಿಲ್ಲಿಲನ್ನಿ, ಲಿಪ್ಶುರನ್ನಿ, ಲಿಬ್ಬಿಬನ್ನಿ, ಲಿಪ್ಶುರನ್ನಿ. ನಾಲ್ಕು ಸಾಲು, ಮೂರು ಕ್ರಿಯಾಪದ. ‘ಬಿಡಿಸಲಿ’ ಎಂಬುದು ಎರಡನೆಯ, ನಾಲ್ಕನೆಯ ಜಾಗದಲ್ಲಿ ಕೂತಿದೆ. ಶುದ್ಧಿಗೆ ಪದ ಬದಲಾಯಿತು, ಬಿಡುಗಡೆಗೆ ಬದಲಾಗಲಿಲ್ಲ. ಇಂಥದ್ದನ್ನು ಅನುವಾದದಲ್ಲಿ ಓದಿದರೆ ಕಾಣಿಸುವುದೇ ಇಲ್ಲ.

ಮೂರು, ಸರಪಳಿ. ಹಲ್ಲುನೋವಿನ ಮಂತ್ರದಲ್ಲಿ ಅನು ಎಂಬ ದೇವರು ಆಕಾಶವನ್ನು ಸೃಷ್ಟಿಸಿದ, ಆಕಾಶ ಭೂಮಿಯನ್ನು, ಭೂಮಿ ನದಿಗಳನ್ನು, ನದಿಗಳು ಕಾಲುವೆಗಳನ್ನು, ಕಾಲುವೆಗಳು ಕೆಸರನ್ನು, ಕೆಸರು ಹುಳುವನ್ನು. ಹಿಂದಿನ ಸಾಲಿನ ಕೊನೆ ಮುಂದಿನ ಸಾಲಿನ ಮೊದಲು. ಕ್ರಿಯಾಪದ ಒಂದೇ, ಆದರೆ ಪ್ರತಿ ಮೆಟ್ಟಿಲಿಗೂ ವಸ್ತು ಕಿರಿದಾಗುತ್ತ ಆಕಾಶದಿಂದ ಒಸಡಿನವರೆಗೆ ಇಳಿಯುತ್ತದೆ. ನಮ್ಮ ಕಾವ್ಯಶಾಸ್ತ್ರದಲ್ಲಿ ಕಾರಣಮಾಲೆ ಎಂಬ ಹೆಸರು ಇದಕ್ಕೆ ಸಿದ್ಧವಾಗಿದೆ.

ನಾಲ್ಕು, ಪಟ್ಟಿ. ಶುರ್ಪುವಿನ 2ನೇ ಫಲಕದಲ್ಲಿ ರೋಗಿ ಮಾಡಿರಬಹುದಾದ ತಪ್ಪುಗಳು ನೂರಕ್ಕೂ ಹೆಚ್ಚು ಸಾಲು ಓಡುತ್ತವೆ. 3ನೆಯದರಲ್ಲಿ ‘ಮಾಮೀತು’, ಅಂದರೆ ಆಣೆ, ಎಂಬ ಪದ ಸಾಲುಸಾಲಿಗೂ ತಲೆಯಲ್ಲಿ ಕೂತು ಆಣೆಗಳ ಪಟ್ಟಿ ಬೆಳೆಯುತ್ತದೆ. ಯಾವ ಆಣೆ ಮುರಿದದ್ದರಿಂದ ರೋಗ ಬಂತೆಂದು ಗೊತ್ತಿಲ್ಲದವನಿಗೆ ಯಾವುದನ್ನೂ ಬಿಡುವಂತಿಲ್ಲ. ಇಲ್ಲಿ ಉದ್ದವೇ ಕೆಲಸ ಮಾಡುತ್ತದೆ.

ಐದು, ವಿಧಿಯಲ್ಲೇ ಹೇಳಿರುವ ಜಪಸಂಖ್ಯೆ. ಹಲ್ಲುನೋವಿಗೆ ಬಿಯರು ಮತ್ತು ಎಣ್ಣೆ ಸೇರಿದ ಮಿಶ್ರಣದ ಮೇಲೆ ಮಂತ್ರವನ್ನು 3 ಸಲ ಹೇಳಿ ಹಲ್ಲಿಗೆ ಹಚ್ಚಬೇಕು. ಬೇರೆ ಕಡೆ 7 ಸಲ. ಇದು ಪಾಠದ ಒಳಗಿನ ಪುನರಾವರ್ತನೆಯಲ್ಲ, ಇಡೀ ಪಾಠದ ಪುನರಾವರ್ತನೆ. ಇವೆರಡನ್ನೂ ಒಂದೇ ಕಾಲಂನಲ್ಲಿ ಬರೆಯಬಾರದು.

ಅರ್ಥವಿಲ್ಲದ ಧ್ವನಿಗಳನ್ನೇ ಹೆಣೆದ ಮಂತ್ರಗಳೂ ಇವೆ. ಅವಕ್ಕೆ ಬಲವಂತವಾಗಿ ಅರ್ಥ ಹಚ್ಚದೆ ಉಚ್ಚಾರದ ಮರುಕಳಿಕೆಯನ್ನಷ್ಟೇ ಗುರುತಿಸಿ.

ಹೋಲಿಕೆಯನ್ನು ಹಿಡಿಯುವುದು

ಹುಡುಕಾಟ ‘ಕೀಮ’ದಿಂದ ಶುರು. ಅದನ್ನು ಉಚ್ಚಾರಕ್ಕೆ ತಕ್ಕಂತೆ ಬಿಡಿಸಿಯೂ ಬರೆಯುತ್ತಿದ್ದರು, ‘ಗಿಮ್’ ಎಂಬ ಒಂದೇ ಸುಮೇರಿಯನ್ ಚಿಹ್ನೆಯಲ್ಲೂ ಬರೆಯುತ್ತಿದ್ದರು. ಆ ಚಿಹ್ನೆಯನ್ನು ‘ಗಿನ್’ ಎಂದೂ ಲಿಪ್ಯಂತರಿಸುತ್ತಾರೆ. ಮೂರನ್ನೂ ಹುಡುಕಿ. ಸಿಕ್ಕಿದ್ದೆಲ್ಲ ಹೋಲಿಕೆಯಲ್ಲ, ‘ಕೀಮ’ಕ್ಕೆ ‘ಬದಲಾಗಿ’, ‘ಆದ ಕೂಡಲೇ’ ಎಂಬ ಅರ್ಥಗಳೂ ಇವೆ. ‘-ಇಶ್’, ‘-ಆನಿಶ್’ ಎಂಬ ಪ್ರತ್ಯಯಗಳಲ್ಲೂ ಹೋಲಿಕೆ ಅಡಗಿರುತ್ತದೆ: ಅಬೂಬಾನಿಶ್ ಎಂದರೆ ‘ಪ್ರಳಯದಂತೆ’. ವಾಚಕ ಪದವೇ ಇಲ್ಲದೆ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟಿರುವುದನ್ನು ಮಾತ್ರ ಯಂತ್ರ ಹುಡುಕಿಕೊಡದು, ಓದಿಯೇ ಹಿಡಿಯಬೇಕು.

ಸಿಕ್ಕ ಹೋಲಿಕೆಯನ್ನು ಬಿಡಿಸುವುದಕ್ಕೆ ಹೈಸ್ಕೂಲಿನ ಕನ್ನಡ ಪಾಠದಲ್ಲಿ ಕಲಿತ ಉಪಮಾಲಂಕಾರವೇ ಸಾಕು: ಉಪಮೇಯ, ಉಪಮಾನ, ವಾಚಕ, ಸಮಾನಧರ್ಮ. ಸ್ಪ್ರೆಡ್‌ಶೀಟಿನಲ್ಲಿ ಇವಕ್ಕೆ ನಾಲ್ಕು ಕಾಲಂ ಮಾಡಿ. ಒಂದಿಲ್ಲದಿದ್ದರೆ ಲುಪ್ತೋಪಮೆ, ಆ ಕಾಲಂ ಖಾಲಿ ಬಿಡಿ. ಸಮಾನಧರ್ಮದ ಕಾಲಂನಲ್ಲಿ ಅನುವಾದದ ಪದ ಬೇಡ, ಅಕ್ಕಾಡಿಯನ್ ಧಾತುವನ್ನೇ ಬರೆಯಿರಿ. ಕಾವ್ಯದ ಉಪಮೆಗೂ ಮಂತ್ರದ ಉಪಮೆಗೂ ದೊಡ್ಡ ಅಂತರವಿದೆ: ಕಾವ್ಯದಲ್ಲಿ ಎರಡೂ ಕಡೆ ‘ಇದೆ’, ಮಂತ್ರದಲ್ಲಿ ಒಂದು ಕಡೆ ‘ಆಗುತ್ತಿದೆ’, ಇನ್ನೊಂದು ಕಡೆ ‘ಆಗಲಿ’. ಹಾಗಾಗಿ ಕ್ರಿಯಾರೂಪಕ್ಕೆ ಐದನೆಯ ಕಾಲಂ ಬೇಕು. ಆರನೆಯ ಕಾಲಂ ಎಲ್ಲಕ್ಕಿಂತ ಮುಖ್ಯ: ಉಪಮಾನ ಎಲ್ಲಿದೆ? ಅದಕ್ಕೆ ಮೂರು ಉತ್ತರ ಸಾಧ್ಯ.

ಕೈಯಲ್ಲಿದೆ. ಶುರ್ಪುವಿನ ಬೆಳ್ಳುಳ್ಳಿ, ಮಕ್ಲೂವಿನ ಬೊಂಬೆ ಇಂಥವು. ಇಲ್ಲಿ ‘ಈ’ ಎಂಬ ದರ್ಶಕ ಪದ, ಅಕ್ಕಾಡಿಯನ್‌ನ ‘ಅನ್ನೂ’, ಜೊತೆಗೆ ಬರುತ್ತದೆ. ಅದು ಕಂಡರೆ ವಿಧಿಯಲ್ಲಿ ಆ ವಸ್ತು ಇದೆಯೇ ಎಂದು ಕೂಡಲೇ ಹುಡುಕಿ.

ಮಾತಿನಲ್ಲಿ ಮಾತ್ರ ಇದೆ. ಕಿಶ್ ಎಂಬ ಊರಿನಲ್ಲಿ ಸಿಕ್ಕ ಹಳೆಯ ಅಕ್ಕಾಡಿಯನ್ ಪ್ರೇಮಮಂತ್ರದಲ್ಲಿ ಕುರುಬ ಮಂದೆಯನ್ನು ಸುತ್ತುವಂತೆ, ಮೇಕೆ ತನ್ನ ಮರಿಯನ್ನು, ಕುರಿ ತನ್ನ ಮರಿಯನ್ನು, ಹೆಣ್ಣುಕತ್ತೆ ತನ್ನ ಮರಿಯನ್ನು ಎಂದು ನಾಲ್ಕು ಉಪಮಾನಗಳು ಬರುತ್ತವೆ. ಕ್ರಿಯಾಪದ ಮೊದಲನೆಯದಕ್ಕೆ ಮಾತ್ರ, ಉಳಿದ ಮೂರು ಅದನ್ನೇ ಹಂಚಿಕೊಂಡಿವೆ. ಸುಮೇರಿಯನ್ ಮಂತ್ರಗಳ ಕೊನೆಯಲ್ಲಿ ಪದೇ ಪದೇ ಬರುವ ‘ಆಕಾಶದಂತೆ ಶುದ್ಧನಾಗಲಿ, ಭೂಮಿಯಂತೆ ನಿರ್ಮಲನಾಗಲಿ, ಆಕಾಶದ ಒಡಲಿನಂತೆ ಬೆಳಗಲಿ’ ಎಂಬುದೂ ಈ ಗುಂಪಿನದೇ.

ಕಥೆಯಲ್ಲಿದೆ. ಚಂದ್ರದೇವ ಸಿನ್‌ನ ಹಸು ಗೆಮೆ-ಸಿನ್ ಹೆರಿಗೆನೋವಿನಲ್ಲಿ ಕೂಗುತ್ತದೆ. ಆಕಾಶದಿಂದ ಇಬ್ಬರು ದೇವಕನ್ಯೆಯರು ಎಣ್ಣೆಯನ್ನೂ ನೀರನ್ನೂ ತಂದು ಸವರುತ್ತಾರೆ. ಕರು ಸುಲಭವಾಗಿ ನೆಲಕ್ಕೆ ಬೀಳುತ್ತದೆ. ಆಮೇಲೆ ಮಂತ್ರ ‘ಗೆಮೆ-ಸಿನ್ ಸಲೀಸಾಗಿ ಹೆತ್ತಂತೆ ಕಷ್ಟಪಡುತ್ತಿರುವ ಈ ಹೆಣ್ಣೂ ಹೆರಲಿ’ ಎನ್ನುತ್ತದೆ. ಇಲ್ಲಿ ಇಡೀ ಕಥೆಯೇ ಉಪಮಾನ. ಕಥೆಯಲ್ಲಿ ಬಂದ ಎಣ್ಣೆ, ನೀರು ವಿಧಿಯಲ್ಲೂ ಇವೆಯೇ ಎಂದು ನೋಡಬೇಕು.

ಒಂದು ಭಾಗವನ್ನು ಕೊನೆಯವರೆಗೆ ಬಿಡಿಸಿದರೆ

ಶುರ್ಪು 5-6, 60ನೇ ಸಾಲಿನಿಂದ. ಬೆಳ್ಳುಳ್ಳಿಯ ಭಾಗ 13 ಸಾಲು. ಸ್ವಲ್ಪ ಅಡಕ ಮಾಡಿದರೆ ಹೀಗೆ (ಗಿರ್ರ ಎಂದರೆ ಬೆಂಕಿಯ ದೇವರು):

ಈ ಬೆಳ್ಳುಳ್ಳಿಯನ್ನು ಸುಲಿದು ಬೆಂಕಿಗೆ ಹಾಕುವಂತೆ,
ಸುಡುವ ಗಿರ್ರ ಇದನ್ನು ಸುಡುವಂತೆ,
ಪಾತಿಯಲ್ಲಿ ಇದನ್ನು ನೆಡುವುದಿಲ್ಲ,
ಬದು-ಕಾಲುವೆಯ ಬದಿಗೆ ಊರುವುದಿಲ್ಲ,
ಇದರ ಬೇರು ಮಣ್ಣು ಹಿಡಿಯುವುದಿಲ್ಲ,
ಮೊಳಕೆ ಮೇಲೇಳುವುದಿಲ್ಲ, ಸೂರ್ಯನನ್ನು ಕಾಣುವುದಿಲ್ಲ,
ದೇವರ ಊಟಕ್ಕೂ ಅರಸನ ಊಟಕ್ಕೂ ಒದಗುವುದಿಲ್ಲ,
ಹಾಗೆ ಆಣೆ, ಶಾಪ, ಪಾಪ, ನನ್ನ ಮೈಯಲ್ಲಿ, ಮಾಂಸದಲ್ಲಿ, ನರದಲ್ಲಿ ಇರುವ ರೋಗ
ಈ ಬೆಳ್ಳುಳ್ಳಿಯಂತೆ ಸುಲಿದುಹೋಗಲಿ,
ಸುಡುವ ಗಿರ್ರ ಇಂದೇ ಅದನ್ನು ಸುಡಲಿ,
ಆಣೆ ಹೊರಟುಹೋಗಲಿ, ನಾನು ಬೆಳಕನ್ನು ಕಾಣುವಂತಾಗಲಿ.

ಮೊದಲು ಕ್ರಿಯಾಪದಗಳನ್ನು ಎಣಿಸಿ. ‘ಅಂತೆ’ಯ ಕಡೆ 9 ಇವೆ: ಸುಲಿ, ಹಾಕು, ಸುಡು, ನೆಡು, ಊರು, ಹಿಡಿ, ಏಳು, ಕಾಣು, ಒದಗು. ‘ಆಗಲಿ’ಯ ಕಡೆಗೆ ಇವುಗಳಲ್ಲಿ ಎಷ್ಟು ಮರಳಿ ಬಂದವು? ಸುಲಿ ಮತ್ತು ಸುಡು ನೇರವಾಗಿ ಬಂದವು. ನಡುವಿನ ನಿಷೇಧಗಳ ಸಾಲು, ಬೇರು ಬಿಡದಿರುವುದು, ಮೊಳೆಯದಿರುವುದು, ಮರಳಲಿಲ್ಲ. ‘ಪಾಪ ಬೇರು ಬಿಡದಿರಲಿ’ ಎಂದು ಮಂತ್ರ ಎಲ್ಲಿಯೂ ಹೇಳುವುದಿಲ್ಲ, ಕೇಳುವವನೇ ಅದನ್ನು ಪೂರ್ತಿ ಮಾಡಿಕೊಳ್ಳಬೇಕು. ಉಳಿದದ್ದು ‘ಕಾಣು’. ಅಕ್ಕಾಡಿಯನ್‌ನಲ್ಲಿ ಮೊದಲ ಕಡೆ ‘ಲಾ ಇಮ್ಮರು’, ಕೊನೆಯಲ್ಲಿ ‘ಲೂಮುರ್’, ಧಾತು ಒಂದೇ. ಆದರೆ ಬೆಳ್ಳುಳ್ಳಿ ಸೂರ್ಯನನ್ನು ಕಾಣುವುದಿಲ್ಲ, ರೋಗಿ ಬೆಳಕನ್ನು ಕಾಣುತ್ತಾನೆ. ಇಲ್ಲಿಯವರೆಗೆ ರೋಗಕ್ಕೆ ಉಪಮಾನವಾಗಿದ್ದ ವಸ್ತು ಈ ಒಂದು ಧಾತುವಿನಲ್ಲಿ ರೋಗಿಗೆ ವಿರುದ್ಧವಾಗಿ ನಿಂತಿತು. ‘ಹೋಲಿಕೆಯ ಮಂತ್ರ’ ಎಂದು ಒಂದೇ ಮಾತಿನಲ್ಲಿ ಮುಗಿಸಿದವರಿಗೆ ಈ ತಿರುವು ಸಿಗುವುದಿಲ್ಲ.

ಇದರ ಪಕ್ಕಕ್ಕೆ ಮಕ್ಲೂವಿನ 2ನೇ ಫಲಕದ ಬೊಂಬೆಗಳ ಸಾಲನ್ನು ಇಡಿ: ಈ ಬೊಂಬೆಗಳು ಕರಗಿ, ಹರಿದು, ತೊಟ್ಟಿಕ್ಕುವಂತೆ ಮಾಟಗಾರನೂ ಮಾಟಗಾತಿಯೂ ಕರಗಲಿ, ಹರಿಯಲಿ, ತೊಟ್ಟಿಕ್ಕಲಿ. ಮೂರು ಕ್ರಿಯಾಪದ ಹೋದವು, ಮೂರೂ ಅದೇ ಕ್ರಮದಲ್ಲಿ ಮರಳಿದವು. ಶುರ್ಪುವಿನಲ್ಲಿ 9ಕ್ಕೆ 2 ನೇರ, 1 ತಿರುಗುಮುರುಗು. ಇಲ್ಲಿ 3ಕ್ಕೆ 3. ಎರಡೂ ಬೆಂಕಿಯ ವಿಧಿಗಳೇ, ಆದರೆ ಒಂದರಲ್ಲಿ ಮಾತು ಕ್ರಿಯೆಯನ್ನು ದಾಟಿ ತೋಟ, ಕಾಲುವೆ, ಅರಸನ ಊಟದವರೆಗೆ ಹರಡುತ್ತದೆ, ಇನ್ನೊಂದು ಕಣ್ಣಮುಂದೆ ಕರಗುತ್ತಿರುವುದನ್ನು ಬಿಟ್ಟು ಆಚೀಚೆ ಹೋಗುವುದಿಲ್ಲ. ಮುಂದಿನ ಕೆಲಸ ಏನೆಂದು ಇದರಿಂದಲೇ ಗೊತ್ತಾಗುತ್ತದೆ: ಶುರ್ಪುವಿನ ಉಳಿದ ಆರು ವಸ್ತುಗಳಿಗೂ ಇದೇ ಎಣಿಕೆ ಮಾಡಿ. ಖರ್ಜೂರವಾಗಲಿ ಉಣ್ಣೆಯಾಗಲಿ ಹೊಲದಲ್ಲಿ ನೆಡುವಂಥದ್ದಲ್ಲವಾದ್ದರಿಂದ ಅವುಗಳ ನಿಷೇಧ ‘ಮರಳಿ ಹೋಗುವುದಿಲ್ಲ’ ಎಂಬ ದಾರಿ ಹಿಡಿಯುತ್ತದೆ. ಉಣ್ಣೆ ತನ್ನ ಕುರಿಯ ಮೈಗೆ ಹಿಂದಿರುಗುವುದಿಲ್ಲ. ಬೆಳಕು ಕಾಣುವ ಸಾಲು ಪ್ರತಿ ವಸ್ತುವಿನ ಕೊನೆಯಲ್ಲಿ ಹೇಗೆ ನಿಂತಿದೆ, ಅದಕ್ಕೆ ಎದುರಾಗಿ ಸೂರ್ಯನ ಸಾಲು ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂದು ಪಟ್ಟಿ ಮಾಡಿ.

ಒಂದು ಎಚ್ಚರಿಕೆ. ಬಹಳಷ್ಟು ಅನುವಾದಗಳಲ್ಲಿ ಇದನ್ನು ಈರುಳ್ಳಿ ಎಂದಿದ್ದಾರೆ. ಮೂಲದ ಪದ ‘ಶೂಮು’. ಷಿಕಾಗೋ ನಿಘಂಟು ಅದಕ್ಕೆ ಬೆಳ್ಳುಳ್ಳಿ ಎಂಬ ಅರ್ಥ ಕೊಡುತ್ತದೆ. ‘ಪಾಪವು ಈರುಳ್ಳಿಯ ಹಾಗೆ ಪದರ ಪದರವಾಗಿ ಕಳಚುತ್ತದೆ’ ಎಂದು ಚೆಂದದ ವ್ಯಾಖ್ಯಾನ ಬರೆದರೆ, ಆ ಪದರ ಅನುವಾದದಿಂದ ಬಂದದ್ದು. ಉಪಮಾನದ ವಸ್ತುವನ್ನು ನಿಘಂಟಿನಲ್ಲಿ ಖಚಿತಪಡಿಸಿಕೊಳ್ಳದೆ ಅದರ ಗುಣದ ಮೇಲೆ ವಾದ ಕಟ್ಟಬೇಡಿ.

ಮಾತನ್ನು ಕೈಗೆ ಜೋಡಿಸುವುದು

ಶುರ್ಪುವಿಗೆ 1ನೇ ಫಲಕವೇ ವಿಧಿಯ ಫಲಕ. ಮಕ್ಲೂವಿನಲ್ಲಿ ಸುಮಾರು 100 ಮಂತ್ರಗಳ ಎಂಟು ಫಲಕಗಳ ಜೊತೆಗೆ ವಿಧಿಗೆಂದೇ ಪ್ರತ್ಯೇಕ ಫಲಕವಿದೆ. ವಿಧಿಯ ಫಲಕ ಪ್ರತಿ ಮಂತ್ರವನ್ನೂ ಅದರ ಮೊದಲ ಸಾಲಿನಿಂದ ಕರೆದು, ಆಗ ಮಾಡಬೇಕಾದ್ದನ್ನು ಹೇಳುತ್ತದೆ: ಕೊಬ್ಬಿನ ಬೊಂಬೆ, ಮೇಣದ ಬೊಂಬೆ, ಮಣ್ಣಿನದು, ಕಲ್ಲರಗಿನದು. ಮಂತ್ರಗಳ ಮೊದಲ ಸಾಲುಗಳ ಪಟ್ಟಿ ಮಾಡಿಕೊಂಡು ಎರಡನ್ನೂ ಜೋಡಿಸಿ. ಮೂರು ಬಗೆಯ ಫಲ ಸಿಗುತ್ತದೆ: ಮಾತಿನಲ್ಲೂ ವಿಧಿಯಲ್ಲೂ ಇರುವ ವಸ್ತು, ಮಾತಿನಲ್ಲಿ ಮಾತ್ರ ಇರುವುದು, ವಿಧಿಯಲ್ಲಿ ಮಾತ್ರ ಇರುವುದು. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಮಾತಾಡದೆ ಕೈ ಮಾತ್ರ ಮಾಡುವ ಹೋಲಿಕೆ ಅಲ್ಲಿದೆ.

ಗಿಡಮೂಲಿಕೆಗಳ ಹೆಸರಲ್ಲೂ ಹೋಲಿಕೆ ಇರಬಹುದು. ‘ಇಮ್ಹುರ್-ಲೀಮು’ ಎಂಬ ಗಿಡದ ಹೆಸರಿಗೆ ‘ಸಾವಿರವನ್ನು ಎದುರಿಸಿತು’ ಎಂದರ್ಥ. ಅಂಥ ಗಿಡ ವಿಧಿಯಲ್ಲಿ ಬಂದಾಗ ಅದನ್ನು ಬರೀ ಔಷಧ ಎಂದು ದಾಟಬೇಡಿ.

ಗುರುತು ಹಾಕುವ ಕೆಲಸವನ್ನು ಎರಡು ಸುತ್ತು ಮಾಡಿ, ನಡುವೆ ಎರಡು ವಾರ ಬಿಡಿ. ಎರಡನೆಯ ಸಲ ಹಳೆಯ ಹಾಳೆ ನೋಡದೆ ಹೊಸದಾಗಿ ತುಂಬಿ, ಆಮೇಲೆ ಹೋಲಿಸಿ. ಎಲ್ಲಿ ನಿಮಗೆ ನೀವೇ ಒಪ್ಪಲಿಲ್ಲವೋ ಅಲ್ಲಿ ನಿಮ್ಮ ವರ್ಗೀಕರಣದ ವ್ಯಾಖ್ಯೆ ಸಡಿಲವಾಗಿದೆ. ಸಾಲನ್ನಲ್ಲ, ವ್ಯಾಖ್ಯೆಯನ್ನು ತಿದ್ದಿ.

ಸಿದ್ಧಾಂತ ಮತ್ತು ತುಲನೆ

ಮಾನವಶಾಸ್ತ್ರಜ್ಞ ಫ್ರೇಜರ್‌ನ 1890ರ ಪುಸ್ತಕದಿಂದ ಬಂದ ‘ಸಮಾನದಿಂದ ಸಮಾನ ಹುಟ್ಟುತ್ತದೆ’ ಎಂಬ ಸೂತ್ರ ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ಅದು ಮಂತ್ರ ಹೇಳುವವನನ್ನು ತಪ್ಪು ವಿಜ್ಞಾನ ನಂಬಿದವನೆಂದು ಕಾಣುತ್ತದೆ. ಶ್ರೀಲಂಕಾದ ಮಾನವಶಾಸ್ತ್ರಜ್ಞ ಸ್ಟ್ಯಾನ್ಲಿ ತಂಬಯ್ಯ 1968 ಮತ್ತು 1973ರ ಬರಹಗಳಲ್ಲಿ ಇದನ್ನು ತಿರುಗಿಸಿದರು. ಅವರ ಪ್ರಕಾರ ಇಂಥ ಹೋಲಿಕೆ ಒಂದರ ಗುಣವನ್ನು ಇನ್ನೊಂದಕ್ಕೆ ಸಾಗಿಸಲು ಮಾಡುವ ಮನವೊಲಿಕೆ. ಸರಿ-ತಪ್ಪಿನ ಅಳತೆಗೋಲು ಅದಕ್ಕೆ ಹೊಂದದು. ನಮಗೆ ಎರಡನೆಯದೇ ಹೆಚ್ಚು ಒಪ್ಪುತ್ತದೆ, ಏಕೆಂದರೆ ಶುರ್ಪುವಿನ ಮರಳದ ನಿಷೇಧಗಳಿಗೂ ತಿರುಗಿ ನಿಂತ ‘ಕಾಣು’ವಿಗೂ ಫ್ರೇಜರ್‌ನ ಸೂತ್ರದಲ್ಲಿ ಜಾಗವಿಲ್ಲ. ಆದರೆ ಸಿದ್ಧಾಂತ ಎಣಿಕೆಯ ನಂತರ ಬರಲಿ.

ಭಾರತೀಯ ಓದುಗರಿಗೆ ಋಗ್ವೇದದ ಮೃತ್ಯುಂಜಯ ಮಂತ್ರ (7.59.12) ಕೂಡಲೇ ನೆನಪಾಗುತ್ತದೆ: ಸೌತೆಯ ಕಾಯಿ ತೊಟ್ಟಿನಿಂದ ಕಳಚುವಂತೆ ಸಾವಿನಿಂದ ಬಿಡುಗಡೆಯಾಗಲಿ. ಕಾಲಂ ತುಂಬುವ ಅಭ್ಯಾಸಕ್ಕೆ ಇದು ಬಹಳ ಒಳ್ಳೆಯ ಸಾಲು. ಉಪಮಾನ ಮಾತಿನಲ್ಲಿದೆ, ‘ಈ’ ಎಂಬ ಪದವಿಲ್ಲ. ಹೋಲಿಕೆ ಇದೆ ಎಂದಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತು ಎಂದು ಬರೆಯಬೇಡಿ. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವ ನಮ್ಮ ದೃಷ್ಟಿ ತೆಗೆಯುವ ಪದ್ಧತಿಗೂ ಇದೇ ಮಾತು.

ಬರೆದು ಮುಗಿಸುವಾಗ

ಪ್ರತಿ ಉದ್ಧರಣೆಗೂ ಸಂಕಲನದ ಹೆಸರು, ಫಲಕ, ಸಾಲು, ಯಾವ ಸಂಪಾದನೆ, ಸಾಧ್ಯವಾದರೆ ಸಿಡಿಎಲ್‌ಐ ಸಂಖ್ಯೆ ಕೊಡಿ. ಜಾಲದ ಪಾಠಗಳು ತಿದ್ದುಪಡಿ ಆಗುತ್ತಲೇ ಇರುವುದರಿಂದ ನೋಡಿದ ದಿನಾಂಕವೂ ಬೇಕು. ಕನ್ನಡ ಅನುವಾದದಲ್ಲಿ ಒಂದು ಧಾತುವಿಗೆ ಒಂದೇ ಕನ್ನಡ ಕ್ರಿಯಾಪದ ಎಂಬ ನಿಯಮ ಇಟ್ಟುಕೊಳ್ಳಿ. ಓದಲು ಏಕತಾನ ಅನ್ನಿಸಿದರೂ ಬದಲಾಯಿಸಬೇಡಿ, ನೀವು ಅಧ್ಯಯನ ಮಾಡುತ್ತಿರುವುದೇ ಅದನ್ನು. ಪ್ರಥಮ ಪುರುಷದ ಹಾರೈಕೆಗೆ ‘-ಲಿ’, ‘ಆಯ್’ ಅಥವಾ ‘ಏ’ಯಿಂದ ಬರುವ ನಿಷೇಧಕ್ಕೆ ‘-ದಿರಲಿ’, ‘ನಾನು’ ಎಂಬಲ್ಲಿ ‘ಆಗುವಂತಾಗಲಿ’ ಎಂದು ಮೊದಲೇ ಗೊತ್ತುಮಾಡಿಕೊಂಡರೆ ನೂರು ಸಾಲಿನುದ್ದಕ್ಕೂ ಒಂದೇ ಹದ ಉಳಿಯುತ್ತದೆ. ಒಡೆದ ಸಾಲಿನ ಚೌಕ ಆವರಣವನ್ನು ಅನುವಾದದಲ್ಲೂ ಹಾಕಿ. ಕಿ-ಮಿನ್ ಇದ್ದಲ್ಲಿ ‘ಮೇಲಿನಂತೆಯೇ’ ಎಂದು ಬರೆದು, ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಪೂರ್ತಿ ಸಾಲನ್ನು ಕೊಡಿ.